ಕಾರಣ ಬರೆಯದ ಪತ್ರ: ಸೆಪ್ಟಿಮಾ ಕ್ಲಾರ್ಕ್ ಅವರ ಕಾಗದಪತ್ರಗಳ ಪ್ರಕರಣ

1956ರ ಬೇಸಿಗೆಯಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲೈನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಶಾಲಾ ಮಂಡಳಿಯಿಂದ ಸೆಪ್ಟಿಮಾ ಪಾಯಿನ್ಸೆಟ್ ಕ್ಲಾರ್ಕ್ ಎಂಬ ಶಿಕ್ಷಕಿಗೆ ಒಂದು ಪತ್ರ ಬಂತು. ಮುಂದಿನ ವರ್ಷಕ್ಕೆ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದಷ್ಟೇ ಅದರ ಸಾರ. ಯಾಕೆ ಎಂದು ಬರೆದಿರಲಿಲ್ಲ. ಅವರಿಗಾಗ 58 ವರ್ಷ. ಹದಿನೆಂಟರ ಹರೆಯದಲ್ಲಿ ಪಾಠ ಹೇಳಲು ಶುರು ಮಾಡಿ 40 ವರ್ಷ ಕಳೆದಿತ್ತು. ಕೆಲಸದ ಜೊತೆಗೆ ಪಿಂಚಣಿಯೂ ಕೈತಪ್ಪಿತು.

ಕಾರಣ ಊರಿಗೆಲ್ಲ ಗೊತ್ತಿತ್ತು. 1954ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬಿಳಿಯ ಮಕ್ಕಳನ್ನೂ ಕಪ್ಪು ಮಕ್ಕಳನ್ನೂ ಬೇರೆ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತ್ತು. ಆ ತೀರ್ಪಿನ ಹಿಂದಿದ್ದ ಐದು ಮೊಕದ್ದಮೆಗಳಲ್ಲಿ ಒಂದು ದಕ್ಷಿಣ ಕ್ಯಾರೊಲೈನಾದ ಕ್ಲಾರೆಂಡನ್ ಕೌಂಟಿಯಿಂದಲೇ ಹೋಗಿತ್ತು. ರಾಜ್ಯದ ಶಾಸಕರಿಗೆ ಉರಿ ಹತ್ತಿತು. ಮೊಕದ್ದಮೆ ನಡೆಸಿದ ಎನ್‌ಎಎಸಿಪಿ ಎಂಬ ಹಕ್ಕುಗಳ ಸಂಘಟನೆಯ ಸದಸ್ಯರು ಯಾರೂ ಸರ್ಕಾರಿ ನೌಕರಿಯಲ್ಲಿ ಇರಕೂಡದು ಎಂದು 1956ರಲ್ಲಿ ಕಾನೂನು ಮಾಡಿದರು. ಸದಸ್ಯತ್ವ ಬಿಡಿ, ಇಲ್ಲವೇ ಕೆಲಸ ಬಿಡಿ. ಕ್ಲಾರ್ಕ್ ತಮ್ಮ ಸದಸ್ಯತ್ವವನ್ನು ಬಿಡಲೂ ಇಲ್ಲ, ಮುಚ್ಚಿಡಲೂ ಇಲ್ಲ.

ಶಾಲಾ ಮಂಡಳಿಯ ಪತ್ರವೊಂದೇ ಉಳಿದಿದ್ದರೆ ಈ ಪ್ರಕರಣ ಒಬ್ಬ ಶಿಕ್ಷಕಿಯ ಕರಾರು ಮುಂದುವರಿಯಲಿಲ್ಲ ಎಂಬ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಕ್ಲಾರ್ಕ್ ಬರೆದರು, ಬರೆದದ್ದನ್ನು ಇಟ್ಟುಕೊಂಡರು, ಮುಪ್ಪಿನಲ್ಲಿ ಸಂದರ್ಶನಕಾರರ ಮುಂದೆ ಕೂತು ಬಿಚ್ಚಿ ಹೇಳಿದರು. ಅವರ ಪತ್ರಗಳು, ಭಾಷಣದ ಕರಡುಗಳು, ಸಂಘಸಂಸ್ಥೆಗಳ ಕಾಗದಗಳು, ಛಾಯಾಚಿತ್ರಗಳು ಇಂದು ಚಾರ್ಲ್ಸ್‌ಟನ್‌ನ ಏವರಿ ಸಂಶೋಧನಾ ಕೇಂದ್ರದಲ್ಲಿವೆ. ಸುಮಾರು 1910ರಿಂದ 1990ರವರೆಗಿನ ಸಾಮಗ್ರಿ ಅದು. ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ಎಂದರೆ ವೇದಿಕೆ, ಮೆರವಣಿಗೆ, ಮಾರ್ಟಿನ್ ಲೂಥರ್ ಕಿಂಗ್ ಎಂದು ನೆನೆಯುವ ನಮಗೆ ಈ ಕಾಗದಗಳು ಬೇರೆಯೇ ಒಂದು ಚಳವಳಿಯನ್ನು ತೋರಿಸುತ್ತವೆ. 1956ರ ಸೋಲಿನಿಂದ ಕ್ಲಾರ್ಕ್ ಏನು ಕಲಿತರು, ಆ ಪಾಠದಿಂದ ಹೇಗೆ ಒಂದು ಶಾಲೆ ಹುಟ್ಟಿತು, ಆ ಶಾಲೆಯಿಂದ ಹೇಗೆ ಲಕ್ಷಾಂತರ ಜನರ ಮತಕ್ಕೆ ದಾರಿಯಾಯಿತು ಎಂಬುದನ್ನು ಭಾಷಣಗಳ ಸಂಕಲನ ಓದಿ ತಿಳಿಯಲಾಗದು. ಕಾಗದ, ನೆನಪು, ಕಡತ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕು.

ದ್ವೀಪದ ಮೇಷ್ಟ್ರು

ಕ್ಲಾರ್ಕ್ ಹುಟ್ಟಿದ್ದು 1898ರ ಮೇ 3ರಂದು, ಚಾರ್ಲ್ಸ್‌ಟನ್‌ನಲ್ಲಿ. ತಂದೆ ಪೀಟರ್ ಪಾಯಿನ್ಸೆಟ್ ಹುಟ್ಟಿನಿಂದ ಗುಲಾಮರಾಗಿದ್ದವರು. ತಾಯಿ ವಿಕ್ಟೋರಿಯಾ ಹೈಟಿಯಲ್ಲಿ ಬೆಳೆದವರು, ಬಟ್ಟೆ ಒಗೆದು ಇಸ್ತ್ರಿ ಮಾಡಿ ಮಕ್ಕಳನ್ನು ಓದಿಸಿದವರು. ಕಪ್ಪು ಮಕ್ಕಳಿಗಾಗಿ ಮಿಷನರಿಗಳು 1865ರಲ್ಲಿ ತೆರೆದಿದ್ದ ಏವರಿ ನಾರ್ಮಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿ ಕ್ಲಾರ್ಕ್ 1916ರಲ್ಲಿ ಶಿಕ್ಷಕಿಯ ಅರ್ಹತೆ ಪಡೆದರು. ಆದರೆ ಚಾರ್ಲ್ಸ್‌ಟನ್ ನಗರದ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳಿಗೆ ಪಾಠ ಹೇಳಲೂ ಆಗ ಬಿಳಿಯ ಶಿಕ್ಷಕರನ್ನೇ ಇಡುತ್ತಿದ್ದರು. ಹಾಗಾಗಿ ಅವರು ಜಾನ್ಸ್ ದ್ವೀಪಕ್ಕೆ ಹೋದರು. ಸೇತುವೆ ಇರಲಿಲ್ಲ, ದೋಣಿಯಲ್ಲೇ ಹೋಗಬೇಕು.

ಅಲ್ಲಿನ ಪ್ರಾಮಿಸ್ ಲ್ಯಾಂಡ್ ಶಾಲೆಯಲ್ಲಿ ಇಬ್ಬರು ಶಿಕ್ಷಕಿಯರಿಗೆ 132 ಮಕ್ಕಳು. ರಸ್ತೆಯ ಆಚೆ ಬದಿಯ ಬಿಳಿಯರ ಶಾಲೆಯಲ್ಲಿ ಒಬ್ಬ ಶಿಕ್ಷಕಿಗೆ ಮೂವರು ಮಕ್ಕಳು. ಅಷ್ಟೇ ಅವಧಿಗೆ ಕ್ಲಾರ್ಕ್ ಅವರಿಗೆ 35 ಡಾಲರ್ ಸಿಕ್ಕರೆ ಆ ಶಿಕ್ಷಕಿಗೆ 85 ಡಾಲರ್. ಕಪ್ಪು ಮಕ್ಕಳ ಶಾಲೆಗೆ ಪಠ್ಯಪುಸ್ತಕ ಸಾಲದು, ಕಪ್ಪು ಹಲಗೆಯಿಲ್ಲ. ಮಕ್ಕಳು ತಮ್ಮ ಸುತ್ತಲಿನ ಗಿಡಮರ, ಹೊಲಗದ್ದೆಗಳ ಬಗ್ಗೆ ಹೇಳಿದ ಮಾತುಗಳನ್ನೇ ಲಾಂಡ್ರಿಯ ಕಾಗದದ ಚೀಲಗಳ ಮೇಲೆ ಬರೆದು ಗೋಡೆಗೆ ಹಚ್ಚಿ, ಅದನ್ನೇ ಓದಿಸುತ್ತಿದ್ದರು. ಸಂಜೆಯಾದ ಮೇಲೆ ದ್ವೀಪದ ಗಂಡಸರು ಬರುತ್ತಿದ್ದರು. ತಮ್ಮ ಸಂಘದ ಸಭೆಯಲ್ಲಿ ನಾಲ್ಕು ಮಾತು ಓದಿ ಹೇಳಬೇಕು, ಕಲಿಸಿಕೊಡಿ ಎನ್ನುತ್ತಿದ್ದರು. ದೊಡ್ಡವರಿಗೆ ಅಕ್ಷರ ಕಲಿಸುವುದು ಅವರ ಪಾಲಿಗೆ ಶುರುವಾದದ್ದು ಅಲ್ಲಿ. 40 ವರ್ಷದ ನಂತರ ಅದೇ ದ್ವೀಪಕ್ಕೆ ಅದೇ ಕೆಲಸ ಹೊತ್ತು ಹೋಗುತ್ತಾರೆ.

1919ರಲ್ಲಿ ಏವರಿಗೆ ಶಿಕ್ಷಕಿಯಾಗಿ ಬಂದಾಗ ಎನ್‌ಎಎಸಿಪಿ ಸೇರಿದರು. ನಗರದ ಶಾಲೆಗಳಲ್ಲಿ ಕಪ್ಪು ಶಿಕ್ಷಕರಿಗೆ ಅವಕಾಶ ಕೊಡಿ ಎಂಬ ಮನವಿಗೆ ಮನೆಮನೆ ತಿರುಗಿ ಸಹಿ ಸಂಗ್ರಹಿಸಿದರು. 10 ಸಾವಿರ ಸಹಿ ಆಯಿತು ಎಂದು ಅವರೇ ನೆನಪಿಸಿಕೊಂಡಿದ್ದಾರೆ. 1920ರಲ್ಲಿ ಆ ಅವಕಾಶ ಸಿಕ್ಕಿತು. ಮುಂದೆ ರಾಜಧಾನಿ ಕೊಲಂಬಿಯಾದಲ್ಲಿ ಕೆಲಸ, ಬೇಸಿಗೆ ರಜೆಗಳಲ್ಲಿ ಓದಿ 1942ರಲ್ಲಿ ಬಿ.ಎ., 1946ರಲ್ಲಿ ಎಂ.ಎ. ಕಪ್ಪು ಶಿಕ್ಷಕರಿಗೂ ಬಿಳಿಯ ಶಿಕ್ಷಕರಿಗೂ ಸಮಾನ ವೇತನ ಕೊಡಬೇಕೆಂದು ಎನ್‌ಎಎಸಿಪಿಯ ವಕೀಲ ಥರ್ಗುಡ್ ಮಾರ್ಷಲ್ ವಾದಿಸಿದ ಕೊಲಂಬಿಯಾದ ಮೊಕದ್ದಮೆಗೆ ಕೈಜೋಡಿಸಿದರು. 1947ರಲ್ಲಿ ಚಾರ್ಲ್ಸ್‌ಟನ್‌ಗೆ ಮರಳಿದರು.

726 ಪತ್ರಗಳು

ಈ ಪ್ರಕರಣದ ತಿರುಳು ಇಲ್ಲಿದೆ. 1956ರ ಕಾನೂನು ಬಂದಾಗ ಕ್ಲಾರ್ಕ್ ಸುಮ್ಮನೆ ಕೂರಲಿಲ್ಲ. ರಾಜ್ಯದ ಕಪ್ಪು ಶಿಕ್ಷಕರಿಗೆ 726 ಪತ್ರ ಬರೆದು, ಪ್ರತಿಯೊಂದರ ಕೆಳಗೂ ತಮ್ಮ ಹೆಸರು ಹಾಕಿ ಕಳಿಸಿದರು. ಈ ಕಾನೂನನ್ನು ಒಟ್ಟಾಗಿ ವಿರೋಧಿಸೋಣ ಎಂಬುದು ಕೋರಿಕೆ. 26 ಮಂದಿ ಉತ್ತರ ಬರೆದರು. ಶಾಲಾ ಅಧೀಕ್ಷಕರನ್ನು ಕಂಡು ಮಾತಾಡಲು 11 ಮಂದಿ ಒಪ್ಪಿದರು. ಹೋಗುವ ದಿನ ಬಂದವರು ಐದು ಜನ.

726, 26, 11, 5. ಈ ಇಳಿಜಾರು ನಮಗೆ ಗೊತ್ತಿರುವುದು ಕ್ಲಾರ್ಕ್ ಹೇಳಿದ್ದರಿಂದ. ಯಾವ ಶಾಲಾ ಮಂಡಳಿಯೂ ತನ್ನ ನಡಾವಳಿಯಲ್ಲಿ ಇಂಥದ್ದನ್ನು ಬರೆದಿಡುವುದಿಲ್ಲ. ಬಾರದೆ ಹೋದ ಶಿಕ್ಷಕರೂ ಬರೆದಿಡುವುದಿಲ್ಲ. ಪತ್ರ ಬರೆದವರೇ ತಮ್ಮ ಪ್ರಯತ್ನ ಕೈಗೂಡಲಿಲ್ಲ ಎಂದು ಹೇಳಿಕೊಂಡಾಗ ಮಾತ್ರ ಅದು ಚರಿತ್ರೆಗೆ ಸೇರುತ್ತದೆ. ಗೆದ್ದ ಹೋರಾಟದ ಕಾಗದ ಎಲ್ಲರ ಮನೆಯಲ್ಲೂ ಸಿಗುತ್ತದೆ. ಸೋತ ಪ್ರಯತ್ನದ ಲೆಕ್ಕ ಇಡುವವರು ತೀರ ಕಡಿಮೆ.

ಬಾರದವರನ್ನು ಹೇಡಿಗಳು ಎಂದು ತಳ್ಳಿಹಾಕುವುದು ಸುಲಭ. ಅವರ ಮೇಲಿದ್ದ ಒತ್ತಡ ನಿಜವಾದದ್ದು. ಅದೇ ರಾಜ್ಯದ ಎಲ್ಲೊರೀ ಎಂಬ ಊರಿನಲ್ಲಿ ಎನ್‌ಎಎಸಿಪಿ ಕುರಿತ ಪ್ರಶ್ನೆಗಳಿಗೆ ಅಧಿಕಾರಿಗಳು ಬಯಸಿದ ಉತ್ತರ ಕೊಡದ ಶಿಕ್ಷಕರ ಗುಂಪೇ ಅದೇ ವರ್ಷ ಕೆಲಸ ಕಳೆದುಕೊಂಡಿತು. ಅವರ ಮೊಕದ್ದಮೆ ನ್ಯಾಯಾಲಯದಲ್ಲಿ ನಡೆಯುತ್ತಿರುವಾಗಲೇ ಶಾಸಕರು ಆ ಕಾನೂನನ್ನು ತೆಗೆದು, ನೀವು ಯಾವ ಯಾವ ಸಂಘಗಳ ಸದಸ್ಯರು ಎಂದು ಅರ್ಜಿಯಲ್ಲಿ ಬರೆಯಬೇಕು ಎಂಬ ಬೇರೊಂದು ಕಾನೂನು ತಂದರು. ಗುರಿ ಮಾತ್ರ ಹಳೆಯದೇ.

ಚಾರ್ಲ್ಸ್‌ಟನ್‌ನಲ್ಲಿ ಭಯ ಎಷ್ಟಿತ್ತು ಎಂಬುದಕ್ಕೆ ಕ್ಲಾರ್ಕ್ ಹೇಳಿದ ಇನ್ನೊಂದು ಸಂಗತಿ ಸಾಕು. ಕೆಲಸ ಹೋದ ಮೇಲೆ ಅವರ ಮಹಿಳಾ ಸಂಘ ಆಲ್ಫಾ ಕಪ್ಪಾ ಆಲ್ಫಾ ಅವರ ಗೌರವಾರ್ಥ ಒಂದು ಸಮಾರಂಭ ಏರ್ಪಡಿಸಿತು. ಓದಿದ, ನೌಕರಿಯಲ್ಲಿದ್ದ ಕಪ್ಪು ಹೆಣ್ಣುಮಕ್ಕಳ ಸಂಘ ಅದು. ಬಂದರು, ಹೊಗಳಿದರು. ಕ್ಯಾಮೆರಾ ಎದುರು ಅವರ ಪಕ್ಕ ನಿಲ್ಲಲು ಮಾತ್ರ ಒಪ್ಪಲಿಲ್ಲ. ಫೋಟೋ ಯಾರ ಕಣ್ಣಿಗಾದರೂ ಬಿದ್ದರೆ ತಮ್ಮ ಕೆಲಸಕ್ಕೂ ಕುತ್ತು ಎಂಬ ಹೆದರಿಕೆ. ಪತ್ರಾಗಾರದಲ್ಲಿ ಕೂತವರು ಇರುವ ಫೋಟೋಗಳನ್ನು ಪಟ್ಟಿ ಮಾಡುತ್ತಾರೆ. ತೆಗೆಯದೆ ಬಿಟ್ಟ ಆ ಫೋಟೋ ಯಾವ ಪಟ್ಟಿಗೂ ಸೇರುವುದಿಲ್ಲ. ಕ್ಲಾರ್ಕ್ ಬಾಯಿಬಿಟ್ಟು ಹೇಳದಿದ್ದರೆ, ಅವರ ಸಮಾರಂಭದ ಫೋಟೋ ಯಾಕಿಲ್ಲ ಎಂಬ ಪ್ರಶ್ನೆಯೇ ಯಾರಿಗೂ ಹೊಳೆಯುತ್ತಿರಲಿಲ್ಲ.

ಈ ಐವರ ನಿಯೋಗದ ಪ್ರಕರಣವನ್ನು ಕ್ಲಾರ್ಕ್ ತಮ್ಮ ಬದುಕಿನ ಸೋಲುಗಳಲ್ಲಿ ಒಂದೆಂದು ಎಣಿಸಿದರು. ತಪ್ಪನ್ನು ಬಾರದವರ ತಲೆಗೆ ಕಟ್ಟಲಿಲ್ಲ. ಇನ್ನೂ ಅಣಿಯಾಗದ ಜನರನ್ನು ನಾನು ಮುಂದಕ್ಕೆ ದೂಡಿದೆ, ಮೊದಲು ಅವರನ್ನು ಒಳಗಿಂದ ಸಿದ್ಧಗೊಳಿಸಬೇಕಿತ್ತು ಎಂದರು. ಮುಂದಿನ 14 ವರ್ಷದ ಅವರ ಕೆಲಸಕ್ಕೆಲ್ಲ ಈ ಮಾತೇ ಬುನಾದಿ ಎಂದು ನಾನು ನಂಬುತ್ತೇನೆ.

ಅಂಗಡಿಯ ಹಿಂದಿನ ಕೋಣೆ

ಕೆಲಸ ಕಳೆದುಕೊಂಡ ಕ್ಲಾರ್ಕ್ ಅವರನ್ನು ಟೆನೆಸ್ಸೀ ರಾಜ್ಯದ ಮಾಂಟೀಗಲ್ ಬೆಟ್ಟದ ಮೇಲಿದ್ದ ಹೈಲ್ಯಾಂಡರ್ ಫೋಕ್ ಸ್ಕೂಲ್ ಕರೆಸಿಕೊಂಡಿತು. ಮೈಲ್ಸ್ ಹಾರ್ಟನ್ ಮತ್ತು ಗೆಳೆಯರು 1932ರಲ್ಲಿ ಕಟ್ಟಿದ ಶಾಲೆ. ಬಿಳಿಯರೂ ಕರಿಯರೂ ಒಂದೇ ಮೇಜಿನಲ್ಲಿ ಉಂಡು, ಒಂದೇ ಸೂರಿನಡಿ ಮಲಗಿ ಕಲಿಯುತ್ತಿದ್ದ ಅಪರೂಪದ ಜಾಗ. ರೋಸಾ ಪಾರ್ಕ್ಸ್ 1955ರ ಬೇಸಿಗೆಯಲ್ಲಿ ಅಲ್ಲಿನ ಶಿಬಿರಕ್ಕೆ ಬಂದಿದ್ದರು. ಮಾಂಟ್‌ಗಮರಿಯ ಬಸ್ಸಿನಲ್ಲಿ ಎದ್ದು ಜಾಗ ಬಿಡಲು ಒಪ್ಪದೆ ಬಂಧನಕ್ಕೊಳಗಾದದ್ದು ಅದೇ ಡಿಸೆಂಬರಿನಲ್ಲಿ. ಆ ಶಿಬಿರದಲ್ಲಿ ಅವರ ಜೊತೆಗಿದ್ದವರು ಕ್ಲಾರ್ಕ್.

ಜಾನ್ಸ್ ದ್ವೀಪದ ಈಸೋ ಜೆಂಕಿನ್ಸ್ ಕೂಡ ಹೈಲ್ಯಾಂಡರ್‌ಗೆ ಬಂದವರೇ. ದ್ವೀಪದಿಂದ ಚಾರ್ಲ್ಸ್‌ಟನ್‌ಗೆ ಕೆಲಸಕ್ಕೆ ಹೋಗುವವರಿಗಾಗಿ ಅವರು ಬಸ್ಸು ಓಡಿಸುತ್ತಿದ್ದರು. ದಕ್ಷಿಣ ಕ್ಯಾರೊಲೈನಾದಲ್ಲಿ ಮತದಾರರ ಪಟ್ಟಿಗೆ ಸೇರಬೇಕಾದರೆ ರಾಜ್ಯದ ಸಂವಿಧಾನದ ಯಾವುದಾದರೂ ಭಾಗವನ್ನು ಅಧಿಕಾರಿಯ ಮುಂದೆ ಓದಿ ತೋರಿಸಬೇಕು, ಅಥವಾ 300 ಡಾಲರ್ ಮೌಲ್ಯದ ಆಸ್ತಿಗೆ ತೆರಿಗೆ ಕಟ್ಟಿರಬೇಕು. ಜೆಂಕಿನ್ಸ್ ಬಸ್ಸಿನಲ್ಲೇ ಪ್ರಯಾಣಿಕರಿಗೆ ಆ ಸಾಲುಗಳನ್ನು ಹೇಳಿಕೊಡುತ್ತಿದ್ದರು. ಆಲಿಸ್ ವೈನ್ ಎಂಬ ಮಹಿಳೆ ಕೇಳಿ ಕೇಳಿ ಬಾಯಿಪಾಠ ಮಾಡಿ ಹೆಸರು ನೋಂದಾಯಿಸಿಕೊಂಡರು. ಆಮೇಲೆ, ನನಗೆ ನಿಜವಾಗಿಯೇ ಓದಲು ಬರಬೇಕು, ಕಲಿಸಿ ಎಂದು ಹಟ ಹಿಡಿದರು.

ನಮ್ಮ ಓದುಗರು ಇಲ್ಲಿ ಒಂದು ವಿಷಯ ನೆನಪಿಡಬೇಕು. ಭಾರತದ ಮೊದಲ ಮಹಾಚುನಾವಣೆ 1951–52ರಲ್ಲಿ ನಡೆದಾಗ ದೇಶದ ಸಾಕ್ಷರತೆ ಶೇ 18ರ ಆಸುಪಾಸಿನಲ್ಲಿತ್ತು. ಓದು ಬಾರದವರೂ ಗುರುತು ನೋಡಿ ಮತ ಹಾಕಿದರು. ಹೆಬ್ಬೆಟ್ಟು ಒತ್ತುವವನ ಮತಕ್ಕೂ ಪದವೀಧರನ ಮತಕ್ಕೂ ಒಂದೇ ಬೆಲೆ. ಅದೇ ವರ್ಷಗಳಲ್ಲಿ ತನ್ನನ್ನು ಪ್ರಜಾಪ್ರಭುತ್ವದ ತವರು ಎಂದು ಕರೆದುಕೊಳ್ಳುತ್ತಿದ್ದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಶಾಲೆಯನ್ನೇ ಸರಿಯಾಗಿ ಕೊಡದ ಜನರಿಗೆ ಓದು ಬರುವುದಿಲ್ಲವೆಂದು ಮತ ನಿರಾಕರಿಸುತ್ತಿದ್ದರು. ಹಾಗಾಗಿ ಅಲ್ಲಿ ಅಕ್ಷರ ಕಲಿಸುವುದೇ ರಾಜಕೀಯ ಕೆಲಸವಾಗಿತ್ತು.

ಶಾಲೆ ನಡೆಸಲು ಜಾಗ ಕೇಳಿದರೆ ದ್ವೀಪದ ಶಾಲೆಯ ಮುಖ್ಯಸ್ಥರು ಹೆದರಿದರು, ಪಾದ್ರಿಯೂ ಹಿಂಜರಿದರು. ಹೈಲ್ಯಾಂಡರ್ ಕೊಟ್ಟ ಸಾಲದಿಂದ ಜೆಂಕಿನ್ಸ್ ಅವರ ಪ್ರೊಗ್ರೆಸಿವ್ ಕ್ಲಬ್ ಒಂದು ಹಳೆಯ ಕಟ್ಟಡ ಕೊಂಡಿತು. ಮುಂದಿನ ಭಾಗದಲ್ಲಿ ದಿನಸಿ ಅಂಗಡಿ, ಹಿಂದೆ ತರಗತಿ. ಹಾದುಹೋಗುವ ಬಿಳಿಯರ ಕಣ್ಣಿಗೆ ಅದು ಬರೀ ಅಂಗಡಿ. 1957ರ ಜನವರಿ 7ರಂದು ಅಲ್ಲಿ ಮೊದಲ ಪೌರತ್ವ ಶಾಲೆ ಶುರುವಾಯಿತು. ಮೊದಲ ರಾತ್ರಿ ಬಂದವರು 14 ಮಂದಿ. ಹೊಲದ ಕೆಲಸ ಕಡಿಮೆಯಿರುವ ಚಳಿಗಾಲ, ವಾರಕ್ಕೆ ಎರಡು ಸಂಜೆ ಪಾಠ.

ಕಲಿಸಲು ಆರಿಸಿದ್ದು ಬರ್ನೀಸ್ ರಾಬಿನ್ಸನ್ ಅವರನ್ನು. ಕ್ಲಾರ್ಕ್ ಅವರ ಸಂಬಂಧಿ, ವೃತ್ತಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವರು. ಶಿಕ್ಷಕಿಯಾಗಿ ಕೆಲಸ ಮಾಡಿದವರೇ ಅಲ್ಲ. ತರಬೇತಿ ಪಡೆದ ಮೇಷ್ಟ್ರುಗಳು ದೊಡ್ಡವರನ್ನು ಕೀಳಾಗಿ ಕಂಡಾರು ಎಂಬ ಅಳುಕು ಈ ಆಯ್ಕೆಗೆ ಒಂದು ಕಾರಣವಾಗಿತ್ತು. 726 ಪತ್ರಗಳ ಕಥೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಇನ್ನೊಂದು ಕಾರಣವೂ ಕಾಣುತ್ತದೆ. ಸರ್ಕಾರಿ ಸಂಬಳ ಪಡೆಯುವ ಶಿಕ್ಷಕರ ಬಾಯಿಗೆ ಬೀಗ ಹಾಕುವುದು ಎಷ್ಟು ಸಲೀಸು ಎಂದು ಕ್ಲಾರ್ಕ್ ಹಿಂದಿನ ವರ್ಷವಷ್ಟೇ ಕಂಡಿದ್ದರು. ರಾಬಿನ್ಸನ್ ಅವರ ಗಿರಾಕಿಗಳೆಲ್ಲ ಕಪ್ಪು ಹೆಣ್ಣುಮಕ್ಕಳು. ಅವರ ಅನ್ನ ಯಾವ ಬಿಳಿಯ ಅಧಿಕಾರಿಯ ಕೈಯಲ್ಲೂ ಇರಲಿಲ್ಲ. ಇದು ಕಾಗದಗಳನ್ನು ಜೋಡಿಸಿ ನಾನು ಮಾಡಿಕೊಂಡ ಓದು. ಆದರೆ ಮುಂದೆ ದಕ್ಷಿಣದುದ್ದಕ್ಕೂ ಹೇರ್‌ಡ್ರೆಸರ್‌ಗಳು, ರೈತರು, ದರ್ಜಿಗಳು, ಕೆಲಸ ಕಳೆದುಕೊಂಡವರು ಪೌರತ್ವ ಶಾಲೆಯ ಶಿಕ್ಷಕರಾದದ್ದನ್ನು ನೋಡಿದರೆ ಅದು ಬರೀ ಊಹೆ ಎನಿಸುವುದಿಲ್ಲ.

ರಾಬಿನ್ಸನ್ ಮೊದಲ ದಿನ ಮಕ್ಕಳ ಪಠ್ಯಪುಸ್ತಕಗಳನ್ನು ಒಯ್ದಿದ್ದರು. ಅವು ಈ ಜನಕ್ಕೆ ಸಲ್ಲವೆಂದು ಅಲ್ಲೇ ಗೊತ್ತಾಯಿತು. ನಾನು ಶಿಕ್ಷಕಿಯಲ್ಲ, ನಾವೆಲ್ಲ ಒಟ್ಟಿಗೆ ಕಲಿಯೋಣ, ನಿಮಗೆ ಏನು ಬೇಕು ಹೇಳಿ ಎಂದರು. ದೂರದ ಊರಿನಲ್ಲಿರುವ ಮಕ್ಕಳಿಗೆ ಕಾಗದ ಬರೆಯಬೇಕು. ಬೈಬಲ್ ಓದಬೇಕು. ಮನಿಯಾರ್ಡರ್ ಫಾರಂ ತುಂಬಬೇಕು. ಅಂಚೆಯ ಮೂಲಕ ಸಾಮಾನು ತರಿಸುವ ಕಂಪನಿಯ ಆರ್ಡರ್ ಫಾರಂ ತುಂಬಬೇಕು. ತಮ್ಮ ಹೆಸರು ತಾವೇ ಬರೆಯಬೇಕು. ಪಠ್ಯಕ್ರಮ ಹುಟ್ಟಿದ್ದು ಹೀಗೆ. ರಟ್ಟಿನ ಮೇಲೆ ಹೆಸರು ಬರೆದುಕೊಟ್ಟರೆ ಕಲಿಯುವವರು ಅದರ ಗೆರೆಯ ಮೇಲೆಯೇ ಮತ್ತೆ ಮತ್ತೆ ತಿದ್ದುತ್ತಿದ್ದರು. ಮುಂದೆ ಇದೇ ಅನುಭವದಿಂದ ಕೈಪುಸ್ತಿಕೆಗಳಾದವು. ಅವುಗಳಲ್ಲಿ ರಾಜ್ಯದ ಮತದಾನದ ನಿಯಮ, ತೆರಿಗೆ, ಸಾಮಾಜಿಕ ಭದ್ರತೆಯ ಪಿಂಚಣಿ, ಅಧಿಕಾರಿಗಳಿಗೆ ಪತ್ರ ಬರೆಯುವ ಕ್ರಮ ಎಲ್ಲವೂ ಇವೆ. ಸಾಹಿತ್ಯದ ಕಣ್ಣಿಗೆ ಬಡಕಲಾಗಿ ಕಾಣುವ ಈ ಪುಸ್ತಿಕೆಗಳು ನನ್ನ ಮಟ್ಟಿಗೆ ಆ ಕಾಲದ ಅತಿ ಮುಖ್ಯ ದಾಖಲೆಗಳಲ್ಲಿ ಸೇರುತ್ತವೆ. ಒಬ್ಬ ಮನುಷ್ಯ ಪ್ರಜೆಯಾಗಲು ಏನೇನು ತಿಳಿದಿರಬೇಕು ಎಂದು ಪ್ರಜೆಗಳೇ ಕೂತು ಹಾಕಿದ ಪಟ್ಟಿ ಅದು.

ಸರ್ಕಾರ ಬರೆದಿಟ್ಟ ಚರಿತ್ರೆ

ಅದೇ ಹೊತ್ತಿಗೆ ಸರ್ಕಾರವೂ ತನ್ನ ಕಾಗದ ತಯಾರಿಸುತ್ತಿತ್ತು. 1957ರಲ್ಲಿ ಹೈಲ್ಯಾಂಡರ್‌ನ 25ನೇ ವಾರ್ಷಿಕೋತ್ಸವಕ್ಕೆ ಕಿಂಗ್ ಬಂದಿದ್ದಾಗ, ಜಾರ್ಜಿಯಾ ಸರ್ಕಾರದ ಆಯೋಗವೊಂದು ಕಳಿಸಿದ್ದ ಮನುಷ್ಯ ಫೋಟೋ ತೆಗೆದುಕೊಂಡು ಹೋದ. ಅದು ಮುಂದೆ, ಕಿಂಗ್ ಕಮ್ಯುನಿಸ್ಟ್ ತರಬೇತಿ ಶಾಲೆಯಲ್ಲಿ ಎಂಬ ಬರಹದೊಂದಿಗೆ ದಕ್ಷಿಣದ ರಸ್ತೆ ಬದಿಯ ದೊಡ್ಡ ಫಲಕಗಳ ಮೇಲೆ ಮೆರೆಯಿತು. 1959ರ ಜುಲೈ 31ರ ರಾತ್ರಿ ಟೆನೆಸ್ಸೀ ಪೊಲೀಸರು ಹೈಲ್ಯಾಂಡರ್ ಮೇಲೆ ದಾಳಿ ಮಾಡಿದರು. ಹಾರ್ಟನ್ ಊರಲ್ಲಿರಲಿಲ್ಲ, ಶಿಬಿರದ ಹೊಣೆ ಕ್ಲಾರ್ಕ್ ಅವರದು. ಅಕ್ರಮವಾಗಿ ಮದ್ಯ ಇಟ್ಟುಕೊಂಡ ಆರೋಪದ ಮೇಲೆ ಅವರನ್ನು ಬಂಧಿಸಿದರು. ಮದ್ಯ ಮುಟ್ಟದ, ಚರ್ಚಿಗೆ ತಪ್ಪದೆ ಹೋಗುವ 61 ವರ್ಷದ ಹೆಂಗಸು. ಆರೋಪ ನಿಲ್ಲಲಿಲ್ಲ. ಆದರೂ ಆ ನೆಪ ಹಿಡಿದು ನಡೆದ ಮೊಕದ್ದಮೆಯಲ್ಲಿ ಹೈಲ್ಯಾಂಡರ್‌ನ ಪರವಾನಗಿ ರದ್ದಾಯಿತು, 1961ರಲ್ಲಿ ಜಾಗವೂ ಸರ್ಕಾರದ ವಶವಾಯಿತು.

ಒಂದು ಕ್ಷಣ ಯೋಚಿಸಿ. ಪೊಲೀಸ್ ಕಡತ, ಆಯೋಗದ ವರದಿ, ಶಾಲಾ ಮಂಡಳಿಯ ಪತ್ರ, ಈ ಮೂರೇ ಉಳಿದಿದ್ದರೆ ಸೆಪ್ಟಿಮಾ ಕ್ಲಾರ್ಕ್ ಎಂದರೆ ಕೆಲಸದಿಂದ ತೆಗೆದುಹಾಕಲ್ಪಟ್ಟ, ಕಮ್ಯುನಿಸ್ಟ್ ಶಾಲೆಯಲ್ಲಿ ಮದ್ಯದೊಂದಿಗೆ ಸಿಕ್ಕಿಬಿದ್ದ ಹೆಂಗಸು. ಮೂರೂ ಮೊಹರು ಬಿದ್ದ ಅಧಿಕೃತ ಕಾಗದಗಳೇ. ಖಾಸಗಿ ಕಾಗದಪತ್ರಗಳನ್ನು ಸಂಗ್ರಹಿಸುವುದು ಹವ್ಯಾಸಿಗಳ ಕೆಲಸ ಎಂದುಕೊಂಡವರಿಗೆ ಈ ಒಂದು ಪ್ರಕರಣ ಉತ್ತರವಾಗಬೇಕು.

ಕಿಂಗ್‌ಗೆ ಬರೆದ ಪತ್ರ

ಹೈಲ್ಯಾಂಡರ್ ಮುಚ್ಚುವುದು ಖಚಿತವಾದಾಗ ಪೌರತ್ವ ಶಾಲೆಗಳ ಕಾರ್ಯಕ್ರಮವನ್ನು ಕಿಂಗ್ ನೇತೃತ್ವದ ನಾಗರಿಕ ಹಕ್ಕುಗಳ ಸಂಘಟನೆ ಎಸ್‌ಸಿಎಲ್‌ಸಿ ವಹಿಸಿಕೊಂಡಿತು. 1961ರಿಂದ ಕ್ಲಾರ್ಕ್, ಡೊರೊತಿ ಕಾಟನ್, ಆಂಡ್ರ್ಯೂ ಯಂಗ್ ಮೂವರೂ ಜಾರ್ಜಿಯಾದ ಮೆಕಿಂಟಾಶ್ ಎಂಬಲ್ಲಿನ ಡಾರ್ಚೆಸ್ಟರ್ ಕೇಂದ್ರದಲ್ಲಿ ಶಿಕ್ಷಕರನ್ನು ತಯಾರು ಮಾಡಿದರು. ಹಳ್ಳಿಗಳಿಂದ ಜನರನ್ನು ಬಸ್ಸಿನಲ್ಲಿ ಕರೆತಂದು ಐದು ದಿನ ಕಲಿಸಿ ಊರಿಗೆ ಕಳಿಸುವುದು. ಅವರು ಹೋಗಿ ಅಡುಗೆಮನೆಯಲ್ಲಿ, ಮರದ ಕೆಳಗೆ, ಚರ್ಚಿನ ಹಿಂಬದಿಯಲ್ಲಿ ತರಗತಿ ತೆರೆಯುವುದು. ಮಿಸಿಸಿಪಿಯ ಮತದಾನದ ಹಕ್ಕಿನ ಹೋರಾಟಗಾರ್ತಿ ಫ್ಯಾನಿ ಲೂ ಹೇಮರ್ ಈ ಕಾರ್ಯಕ್ರಮದಲ್ಲಿ ತರಬೇತಾದವರು. 1963ರ ಜೂನ್‌ನಲ್ಲಿ ಇಂಥದೇ ತರಬೇತಿಯಿಂದ ಮರಳುವಾಗ ವಿನೋನಾ ಎಂಬ ಊರಿನ ಜೈಲಿನಲ್ಲಿ ಅವರನ್ನು ಕ್ರೂರವಾಗಿ ಹೊಡೆಸಿದರು. 1957ರಿಂದ 1970ರವರೆಗೆ ಒಟ್ಟು 897 ಪೌರತ್ವ ಶಾಲೆಗಳು ನಡೆದವು ಎಂಬುದು ಕ್ಲಾರ್ಕ್ ಕೊಟ್ಟ ಲೆಕ್ಕ.

ಈ ಅವಧಿಯ ಒಂದು ಪತ್ರದ ವಿಷಯ ನನ್ನನ್ನು ಬಹಳ ಕಾಡಿದೆ. ಎಲ್ಲ ಮೆರವಣಿಗೆಗಳನ್ನೂ ನೀವೇ ಮುನ್ನಡೆಸಬೇಡಿ, ಆಯಾ ಊರಿನಲ್ಲೇ ಮುಂದಾಳುಗಳನ್ನು ಬೆಳೆಸಿ, ಅವರ ಮೆರವಣಿಗೆಯನ್ನು ಅವರೇ ನಡೆಸಲಿ ಎಂದು ಕ್ಲಾರ್ಕ್ ಕಿಂಗ್‌ಗೆ ಬರೆದರು. ಕಿಂಗ್ ಅದನ್ನು ಸಿಬ್ಬಂದಿಯ ಮುಂದೆ ಓದಿದರು. ಅವರೆಲ್ಲ ನಕ್ಕರು. ಇದನ್ನು ಹೇಳಿದವರೂ ಕ್ಲಾರ್ಕ್ ಅವರೇ. ಎಸ್‌ಸಿಎಲ್‌ಸಿಯ ಕಾರ್ಯಕಾರಿ ಸಮಿತಿಯಲ್ಲಿ ಇವರು ಯಾಕಿದ್ದಾರೆ ಎಂದು ಕಿಂಗ್ ಅವರ ಆಪ್ತ ಸಹವರ್ತಿ ರಾಲ್ಫ್ ಅಬರ್ನಥಿ ಮತ್ತೆ ಮತ್ತೆ ಕೇಳುತ್ತಿದ್ದುದನ್ನೂ, ಈ ಇಡೀ ಕಾರ್ಯಕ್ರಮ ಅವರದೇ ಎಂದು ಕಿಂಗ್ ಉತ್ತರಿಸುತ್ತಿದ್ದುದನ್ನೂ ಹೇಳಿದ್ದಾರೆ. ಕಿಂಗ್ ಬಗ್ಗೆ ಅವರಿಗೆ ಗೌರವವಿತ್ತು. 1964ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಲು ಓಸ್ಲೋಗೆ ಹೋದಾಗ ಕಿಂಗ್ ತಮ್ಮ ತಂಡದಲ್ಲಿ ಅವರನ್ನೂ ಕರೆದೊಯ್ದಿದ್ದರು. ಗೌರವ ಬೇರೆ, ಮಾತಿಗೆ ಕಿವಿಗೊಡುವುದು ಬೇರೆ.

ಈ ಪತ್ರವನ್ನು ಹೆಣ್ಣಿನ ಮಾತಿಗೆ ಬೆಲೆಯಿಲ್ಲದ ಪ್ರಸಂಗ ಎಂದಷ್ಟೇ ಓದುವವರಿದ್ದಾರೆ. ಅದು ಸರಿಯೇ, ಸಾಲದು. 1956ರಲ್ಲಿ ಅಣಿಯಾಗದ ಜನರನ್ನು ಮುಂದೆ ದೂಡಿ ಸೋತವರು ಬರೆದ ಪತ್ರ ಅದು. ನಾಯಕ ಬಂದು ಹೋದ ಮೇಲೆ ಊರಿನಲ್ಲಿ ಏನು ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. ಐದೇ ಜನ ಬಂದ ಆ ದಿನದಿಂದ ಈ ಪತ್ರದವರೆಗೆ ಒಂದೇ ಎಳೆ ಹರಿದಿದೆ.

ಎರಡು ಆತ್ಮಕಥನಗಳ ನಡುವೆ

ಹಾಗಾದರೆ ಕ್ಲಾರ್ಕ್ ಹೇಳಿದ್ದೆಲ್ಲ ಅಂತಿಮವೇ? ಸಂಶೋಧಕರು ಎಚ್ಚರವಾಗಿರಬೇಕಾದ ಜಾಗ ಇದು. ಅವರ ಬದುಕಿನ ಕಥೆ ಎರಡು ಸಲ ಪುಸ್ತಕವಾಯಿತು. 1962ರ ‘ಎಕೋ ಇನ್ ಮೈ ಸೋಲ್’ ಲೆಗೆಟ್ ಬ್ಲೈತ್ ಎಂಬ ಬಿಳಿಯ ಲೇಖಕರ ನೆರವಿನಿಂದ ಬಂದದ್ದು. ಹೈಲ್ಯಾಂಡರ್ ಮೇಲಿನ ಹೊಡೆತ ಆಗಷ್ಟೇ ಬಿದ್ದಿತ್ತು, ಎಸ್‌ಸಿಎಲ್‌ಸಿಯಲ್ಲಿ ಕೆಲಸ ಶುರುವಾಗಿತ್ತು, ಚಳವಳಿ ಉರಿಯುತ್ತಿತ್ತು. 1986ರ ‘ರೆಡಿ ಫ್ರಮ್ ವಿದಿನ್’ ಸಿಂಥಿಯಾ ಸ್ಟೋಕ್ಸ್ ಬ್ರೌನ್ ಸಂಪಾದಿಸಿದ್ದು. ಆಗ ಕ್ಲಾರ್ಕ್ ಅವರಿಗೆ 88 ವರ್ಷ, ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ. ಸಂಘಟನೆಯ ಗಂಡಸರ ಬಗೆಗಿನ ನೇರ ಮಾತು ಬರುವುದು ಎರಡನೆಯದರಲ್ಲಿ. ನಡುವೆ, 1976ರ ಜುಲೈನಲ್ಲಿ, ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾಲಯದ ಮೌಖಿಕ ಇತಿಹಾಸ ಯೋಜನೆಗೆ ಕೊಟ್ಟ ಸಂದರ್ಶನಗಳಿವೆ.

ಮೂರೂ ಒಂದೇ ಬದುಕಿನ ಮೂರು ಹೇಳಿಕೆಗಳು. ಮೊದಲನೆಯದನ್ನು ಅಂಜಿಕೆಯ ಮಾತೆಂದೂ ಕೊನೆಯದನ್ನು ಸತ್ಯವೆಂದೂ ತೀರ್ಮಾನಿಸುವುದು ಅವಸರವಾದೀತು. ಹೋರಾಟದ ನಟ್ಟನಡುವೆ ಇರುವವರು ಒಳಗಿನ ಬಿರುಕನ್ನು ಎದುರಾಳಿಯ ಕೈಗೆ ಕೊಡುವುದಿಲ್ಲ, ಅದು ಜವಾಬ್ದಾರಿಯ ಮೌನ. 20 ವರ್ಷದ ನಂತರ ಹೇಳಿದ್ದರಲ್ಲಿ ಧೈರ್ಯವಿದೆ, ಆದರೆ ನೆನಪು ತನ್ನ ಸಂಖ್ಯೆಗಳನ್ನು ದುಂಡಗಾಗಿಸಿಕೊಂಡಿರಬಹುದು. 10 ಸಾವಿರ ಸಹಿ ಎಂಬಂಥ ಲೆಕ್ಕಗಳನ್ನು ನಾನು ಅವರ ಹೆಸರಿನಲ್ಲೇ ಹೇಳುತ್ತಿರುವುದು ಅದಕ್ಕೇ. ಆಯಾ ಕಾಲದಲ್ಲೇ ಬರೆದ ಪತ್ರ, ವರದಿಗಳ ಬೆಲೆ ಗೊತ್ತಾಗುವುದು ಇಲ್ಲಿ. ಅವು ಮುಂದೇನಾಗುತ್ತದೆ ಎಂದು ತಿಳಿಯದೆ ಬರೆದವು.

ಬುಲ್ ಸ್ಟ್ರೀಟಿನ ಕಟ್ಟಡ

ಕಾಗದಗಳು ಎಲ್ಲಿ ಉಳಿದವು ಎಂಬುದೂ ಈ ಪ್ರಕರಣದ ಭಾಗವೇ. ಕ್ಲಾರ್ಕ್ ಓದಿದ, ಆಮೇಲೆ ಪಾಠ ಹೇಳಿದ ಏವರಿ ಶಾಲೆ 1954ರಲ್ಲಿ ಮುಚ್ಚಿತು. ಹಳೆಯ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. 1978ರಲ್ಲಿ ಒಂದು ಸಂಸ್ಥೆ ಕಟ್ಟಿಕೊಂಡು, ಬುಲ್ ಸ್ಟ್ರೀಟಿನ ಆ ಕಟ್ಟಡವನ್ನು ಉಳಿಸಿ ಕಪ್ಪು ಜನರ ಇತಿಹಾಸದ ಸಂಗ್ರಹಾಲಯ ಮಾಡಲು ಹೊರಟರು. 1985ರಲ್ಲಿ ಕಾಲೇಜ್ ಆಫ್ ಚಾರ್ಲ್ಸ್‌ಟನ್ ಜೊತೆ ಸೇರಿ ಸಂಶೋಧನಾ ಕೇಂದ್ರವಾಯಿತು, ದುರಸ್ತಿ ಮುಗಿದು 1990ರಲ್ಲಿ ಬಾಗಿಲು ತೆರೆಯಿತು. ಕ್ಲಾರ್ಕ್ 1987ರ ಡಿಸೆಂಬರ್ 15ರಂದು ತೀರಿಕೊಂಡಿದ್ದರು. ಆ ಕಾಲೇಜು ಮೊದಲ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದು 1967ರಲ್ಲಿ. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಕ್ಲಾರ್ಕ್‌ಗೆ ಯೌವನದಲ್ಲಿ ಅದರ ಬಾಗಿಲು ಮುಚ್ಚಿತ್ತು. 1978ರಲ್ಲಿ ಅದೇ ಕಾಲೇಜು ಗೌರವ ಡಾಕ್ಟರೇಟ್ ಕೊಟ್ಟಿತು. ಇಂದು ಅವರ ಕಾಗದಗಳನ್ನು ಕಾಯುತ್ತಿರುವುದೂ ಅದೇ.

ದೊಡ್ಡ ವಿಶ್ವವಿದ್ಯಾಲಯಗಳು ಚಳವಳಿಗಾರರ ಕಾಗದಗಳನ್ನು ದೂರದ ಊರಿಗೆ ಒಯ್ಯುವುದು ವಾಡಿಕೆ. ಕಿಂಗ್ ಅವರ ಕಾಗದಗಳ ಒಂದು ದೊಡ್ಡ ಭಾಗ ಬಾಸ್ಟನ್‌ನಲ್ಲಿದೆ. ಹೈಲ್ಯಾಂಡರ್‌ನ ಕಡತಗಳು ಬಹುಪಾಲು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿವೆ. ಕ್ಲಾರ್ಕ್ ಅವರ ಸಂಗ್ರಹ ಅವರ ಊರಿನಲ್ಲೇ, ಅವರ ಶಾಲೆಯಲ್ಲೇ ಉಳಿದದ್ದು ನನಗೆ ತುಂಬ ಸರಿ ಎನಿಸುತ್ತದೆ. ಜಾನ್ಸ್ ದ್ವೀಪದವರ ಮೊಮ್ಮಗಳು ಅಜ್ಜಿಯ ಶಾಲೆಯ ಬಗ್ಗೆ ತಿಳಿಯಬೇಕೆಂದರೆ ವಿಮಾನ ಹತ್ತಬೇಕಿಲ್ಲ.

ಆದರೆ ದೂರಕ್ಕೂ ಒಂದು ಉಪಯೋಗವಿದೆ. ನಾಕ್ಸ್‌ವಿಲ್‌ನಲ್ಲಿ ಮತ್ತೆ ತಲೆಯೆತ್ತಿ, ಕೊನೆಗೆ ನ್ಯೂ ಮಾರ್ಕೆಟ್ ಎಂಬ ಊರಿನಲ್ಲಿ ನೆಲೆಯೂರಿದ್ದ ಹೈಲ್ಯಾಂಡರ್‌ನ ಮುಖ್ಯ ಕಚೇರಿ 2019ರ ಮಾರ್ಚ್ 29ರ ಬೆಳಗಿನ ಜಾವ ಸುಟ್ಟುಹೋಯಿತು. ಪಾರ್ಕಿಂಗ್ ಜಾಗದಲ್ಲಿ ಬಿಳಿಯ ಜನಾಂಗವಾದಿಗಳ ಚಿಹ್ನೆ ಬಳಿದಿತ್ತು. ಕಚೇರಿಯಲ್ಲಿದ್ದ ದಶಕಗಳ ದಾಖಲೆಗಳು ಬೂದಿಯಾದವು. ಕ್ಲಾರ್ಕ್ ಕಾಲದ ಹೈಲ್ಯಾಂಡರ್ ಕಡತಗಳು ಉಳಿದದ್ದು ಅವು ಎಂದೋ ಬೇರೆಡೆಗೆ ಹೋಗಿದ್ದರಿಂದ. ಇದನ್ನು ಕೇಳಿದ ಮೇಲೆ ಊರಿನಲ್ಲೇ ಇಡಬೇಕು ಎಂಬ ವಾದವನ್ನು ಒಂದು ಷರತ್ತಿಲ್ಲದೆ ಹೇಳಲಾರೆ. ಮೂಲ ಊರಿನಲ್ಲಿರಲಿ, ಪ್ರತಿ ಇನ್ನೆರಡು ಕಡೆ ಇರಲಿ. ಚಾರ್ಲ್ಸ್‌ಟನ್ ಸೀಮೆಯ ಸಂಸ್ಥೆಗಳು ಸೇರಿ ನಡೆಸುವ ಲೋಕಂಟ್ರಿ ಡಿಜಿಟಲ್ ಲೈಬ್ರರಿಯಲ್ಲಿ ಕ್ಲಾರ್ಕ್ ಸಂಗ್ರಹದ ಸಾಮಗ್ರಿಯೂ ಸ್ಕ್ಯಾನ್ ಆಗಿ ಸಿಗುತ್ತದೆ.

ತಡವಾಗಿ ಸಿಕ್ಕಿದ್ದು

ಕ್ಲಾರ್ಕ್ 1970ರಲ್ಲಿ ಎಸ್‌ಸಿಎಲ್‌ಸಿಯಿಂದ ನಿವೃತ್ತರಾದರು. ಪಿಂಚಣಿಗಾಗಿ ಪಟ್ಟು ಬಿಡಲಿಲ್ಲ. 1975ರಲ್ಲಿ ಚಾರ್ಲ್ಸ್‌ಟನ್ ಕೌಂಟಿಯ ಶಾಲಾ ಮಂಡಳಿಗೆ ಚುನಾಯಿತರಾದರು. 1976ರಲ್ಲಿ ರಾಜ್ಯಪಾಲ ಜೇಮ್ಸ್ ಎಡ್ವರ್ಡ್ಸ್ ಅವರ ಕಾಲದಲ್ಲಿ, ಅವರನ್ನು ಅನ್ಯಾಯವಾಗಿ ತೆಗೆದುಹಾಕಲಾಗಿತ್ತು ಎಂದು ರಾಜ್ಯ ಒಪ್ಪಿ ಪಿಂಚಣಿ ಕೊಟ್ಟಿತು. ಬಾಕಿ ಸಂಬಳಕ್ಕೆ ಶಾಸನಸಭೆ ಒಪ್ಪಿಗೆ ಕೊಟ್ಟದ್ದು 1981ರಲ್ಲಿ. ಕೆಲಸ ಹೋಗಿ 25 ವರ್ಷವಾಗಿತ್ತು, ಅವರಿಗೆ 83 ತುಂಬಿತ್ತು.

ಯಾರ ಹೆಸರು, ಯಾರ ಪೆಟ್ಟಿಗೆ

ಇಂಥ ಸಂಗ್ರಹಗಳನ್ನು ಬಳಸುವವರಿಗೆ ಎರಡು ಕಷ್ಟಗಳು ಎದುರಾಗುತ್ತವೆ. ಮೊದಲನೆಯದು, ಚಳವಳಿಯ ಕಾಗದಗಳಲ್ಲಿ ಸಾಮಾನ್ಯ ಜನರು ಬರುತ್ತಾರೆ. ಓದು ಬಾರದವರು, ಕೆಲಸ ಕಳೆದುಕೊಂಡವರು, ಸಹಾಯ ಕೇಳಿ ಬರೆದವರು. ಅವರು ಬರೆದದ್ದು ಕ್ಲಾರ್ಕ್‌ಗೆ, ನಮಗಲ್ಲ. ಅವರ ಹೆಸರನ್ನು ಮುಚ್ಚಿದರೆ ಹೆಸರಿಲ್ಲದ ಜನಸಮೂಹವಾಗಿಯೇ ಉಳಿಯುತ್ತಾರೆ, ತೆರೆದರೆ ಅವರ ಸಂಕೋಚವನ್ನು ಜಗತ್ತಿಗೆ ತೋರಿಸಿದಂತೆ. ನನ್ನ ನಿಲುವು ಇಷ್ಟು: ಮತಕ್ಕಾಗಿ ಮುಂದೆ ಬಂದವರ ಹೆಸರನ್ನು ಹೇಳಬೇಕು, ಅದು ಅವರ ಹೆಮ್ಮೆ. ಹಣದ ಕಷ್ಟ, ಮನೆಯ ಜಗಳ, ಕಾಯಿಲೆಗಳನ್ನು ಹೇಳಿಕೊಂಡ ಕಾಗದಗಳನ್ನು ಹೆಸರು ಬಿಟ್ಟು ಬಳಸಬೇಕು. ಹೆದರಿ ಹಿಂದೆ ಸರಿದ ಶಿಕ್ಷಕರ ವಿಷಯದಲ್ಲೂ ಅಷ್ಟೇ. ಅವರ ಭಯವನ್ನು ವಿವರಿಸಲು ಅವರ ಹೆಸರು ಬೇಕಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಒಬ್ಬರ ಹೆಸರಿನ ಪೆಟ್ಟಿಗೆಗಳನ್ನು ಮಾತ್ರ ಓದಿದರೆ ಎಲ್ಲವನ್ನೂ ಅವರೊಬ್ಬರೇ ಮಾಡಿದಂತೆ ಕಾಣುತ್ತದೆ. ಕಿಂಗ್ ವಿಷಯದಲ್ಲಿ ಆದದ್ದು ಇದೇ, ಈಗ ಕ್ಲಾರ್ಕ್ ಅವರನ್ನು ಚಳವಳಿಯ ತಾಯಿ ಎಂದು ಕೂರಿಸಿ ಪೂಜಿಸುವಾಗಲೂ ಆಗಬಹುದಾದದ್ದು ಇದೇ. ಒಬ್ಬರೇ ಎಲ್ಲ ಮೆರವಣಿಗೆ ನಡೆಸಬಾರದು ಎಂದು ಪತ್ರ ಬರೆದವರಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. ಜೆಂಕಿನ್ಸ್ ಅವರ ಬಸ್ಸು ಇಲ್ಲದೆ, ಆಲಿಸ್ ವೈನ್ ಅವರ ಹಟವಿಲ್ಲದೆ, ಮಕ್ಕಳ ಪುಸ್ತಕ ಬದಿಗಿಟ್ಟು ನಿಮಗೇನು ಬೇಕು ಎಂದು ಕೇಳಿದ ರಾಬಿನ್ಸನ್ ಅವರಿಲ್ಲದೆ ಮೊದಲ ಶಾಲೆಯೇ ಇರುತ್ತಿರಲಿಲ್ಲ. ಈಸೋ ಜೆಂಕಿನ್ಸ್ ಮತ್ತು ಬರ್ನೀಸ್ ರಾಬಿನ್ಸನ್ ಇಬ್ಬರ ಕಾಗದಪತ್ರಗಳೂ ಏವರಿಯಲ್ಲೇ ಇವೆ. ಕ್ಲಾರ್ಕ್ ಸಂಗ್ರಹ ಕೇಳಿಕೊಂಡು ಬರುವವರು ಆ ಎರಡನ್ನೂ ಜೊತೆಗೇ ತರಿಸಿಕೊಂಡು ಓದಬೇಕು.